ಗೆಳೆಯನ ತಂಗಿಯ ಮದುವೆಗೆ ನಾನೇ ಛಾಯಾಗ್ರಾಹಕ: ಒಪ್ಪಿಕೊಳ್ಳಬಹುದೆ, ಒಪ್ಪಿಕೊಂಡರೆ ಸಿದ್ಧತೆ ಹೇಗೆ?

ಮಂಡಗದ್ದೆ ಹಕ್ಕಿಗಣ್ಣು

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದಲ್ಲಿ ಬ್ಯಾಂಕ್ ನೌಕರಿಯಲ್ಲಿರುವವನು. ರಜೆ ಸಿಕ್ಕಾಗ ಮಂಡಗದ್ದೆ, ಗುಡವಿಗಳ ಕಡೆ ಹೋಗಿ ಹಕ್ಕಿಗಳ ಚಿತ್ರ ತೆಗೆಯುತ್ತೇನೆ. ವೈಶಾಖದಲ್ಲಿ ಗೆಳೆಯನ ತಂಗಿಯ ಮದುವೆ ಗೊತ್ತಾಗಿದೆ. ಧಾರೆ ತೀರ್ಥಹಳ್ಳಿ ಸಮೀಪದ ಅವರ ಮನೆಯಂಗಳದಲ್ಲಿ, ಚಪ್ಪರದ ಕೆಳಗೆ. ಸಂಜೆಯ ಆರತಕ್ಷತೆ ಪೇಟೆಯ ಕಲ್ಯಾಣಮಂಟಪದಲ್ಲಿ. "ನೀನು ಹೇಗೂ ಬರುತ್ತೀಯಲ್ಲ, ಫೋಟೋ ನಿನ್ನದೇ" ಎಂದು ಗೆಳೆಯನ ತಂದೆಯವರು ನಿರ್ಧರಿಸಿಬಿಟ್ಟಿದ್ದಾರೆ. ಹಣದ ಮಾತಿಲ್ಲ, ನಾನು ಬಯಸುವುದೂ ಇಲ್ಲ. ನನ್ನಲ್ಲಿರುವುದು 24 ಮೆಗಾಪಿಕ್ಸೆಲ್‌ನ ಎಪಿಎಸ್-ಸಿ (ಚಿಕ್ಕ ಸೆನ್ಸರಿನ) ಕ್ಯಾಮೆರಾ, ಅದರೊಡನೆ ಬಂದ 18-55 ಮಿ.ಮೀ. ಕಿಟ್ ಲೆನ್ಸ್ ಮತ್ತು ಹಕ್ಕಿಗಳಿಗಾಗಿ ಕೊಂಡ 70-300 ಮಿ.ಮೀ. ಲೆನ್ಸ್. ಫ್ಲ್ಯಾಶ್ ಇಲ್ಲ. ಇನ್ನೊಂದು ವಸ್ತುವನ್ನು ಕೊಳ್ಳುವಷ್ಟು ಹಣ ಹೊಂದಿಸಬಲ್ಲೆ. ಯಾವುದನ್ನು ಕೊಳ್ಳಲಿ? ಅದಕ್ಕಿಂತ ಮುಖ್ಯವಾಗಿ, ಮದುವೆಯ ಅನುಭವವೇ ಇಲ್ಲದವನು ಇದನ್ನು ಒಪ್ಪಿಕೊಳ್ಳುವುದು ಸರಿಯೆ?

ದಾವಣಗೆರೆ ಸ್ಟುಡಿಯೋ

ನಾನು ರೀಲಿನ ಕಾಲದಿಂದಲೂ ಮದುವೆಗಳ ಚಿತ್ರ ತೆಗೆಯುತ್ತ ಬಂದವನು. ಆಗ ಒಂದು ರೋಲಿಗೆ 36 ಚಿತ್ರಗಳು. ತಾಳಿ ಕಟ್ಟುವ ಹೊತ್ತಿಗೆ ರೋಲು ಮುಗಿದುಹೋದರೆ ಗತಿಯೇನೆಂದು, ಅಂತರಪಟ ಹಿಡಿಯುವ ಮೊದಲೇ ಅರ್ಧ ಬಳಸಿದ ರೋಲನ್ನು ಹೊರತೆಗೆದು ಹೊಸದನ್ನು ಹಾಕುತ್ತಿದ್ದೆವು. ಮೆಮೊರಿ ಕಾರ್ಡಿನ ಕಾಲದಲ್ಲೂ ಆ ಪದ್ಧತಿಯನ್ನು ನಾನು ಬಿಟ್ಟಿಲ್ಲ: ಧಾರೆಗೆ ಮೊದಲು ಹೊಸ ಕಾರ್ಡು, ತುಂಬಿದ ಬ್ಯಾಟರಿ.

ಹಕ್ಕಿಗಳ ಚಿತ್ರ ತೆಗೆಯುವವರು ಮದುವೆಗೆ ಬಂದರೆ ಕಾಯುವ ತಾಳ್ಮೆಯನ್ನು ತರುತ್ತಾರೆ, ಜೊತೆಗೆ ದೂರ ನಿಲ್ಲುವ ಅಭ್ಯಾಸವನ್ನೂ ತರುತ್ತಾರೆ. ಎರಡನೆಯದನ್ನು ಮನೆಯಲ್ಲೇ ಬಿಟ್ಟು ಬನ್ನಿ. ಚಪ್ಪರದ ಕಂಬಕ್ಕೊರಗಿ 300 ಮಿ.ಮೀ.ಯಲ್ಲಿ ಗುರಿ ಹಿಡಿದರೆ, ಮುಹೂರ್ತದ ಕ್ಷಣದಲ್ಲಿ ಎದ್ದು ನಿಲ್ಲುವ ಮೊದಲನೆಯ ಸಾಲಿನ ಚಿಕ್ಕಪ್ಪನ ಬೆನ್ನು ಮಾತ್ರ ನಿಮಗೆ ಸಿಗುತ್ತದೆ.

ಕೊಳ್ಳಬೇಕಾದದ್ದು 35 ಮಿ.ಮೀ. ಎಫ್ 1.8 ಲೆನ್ಸ್ (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸ್ ಹೆಚ್ಚು ತೆರೆಯುತ್ತದೆ). ನಿಮ್ಮ ಕಿಟ್ ಲೆನ್ಸ್ ಅದರ ಉದ್ದನೆಯ ತುದಿಯಲ್ಲಿ ಎಫ್ 5.6ಕ್ಕೆ ನಿಲ್ಲುತ್ತದೆ, ಎಫ್ 1.8 ಅದರ ಒಂಬತ್ತು ಪಟ್ಟಿಗಿಂತ ಹೆಚ್ಚು ಬೆಳಕನ್ನು ಒಳಗೆ ಬಿಡುತ್ತದೆ. ಅಂದರೆ ಐಎಸ್‌ಒ 6400 (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮವೆಂಬ ಅಳತೆ, ಹೆಚ್ಚಿದಷ್ಟೂ ಚಿತ್ರ ಕಾಳುಕಾಳಾಗುತ್ತದೆ) ಬೇಡುತ್ತಿದ್ದ ಮಂದ ಬೆಳಕಿನ ಕೋಣೆಯಲ್ಲಿ ಸುಮಾರು 640ರಲ್ಲಿ ಕೆಲಸ ನಡೆಯುತ್ತದೆ. 50 ಮಿ.ಮೀ. ಅಗ್ಗವೆಂದು ಅನೇಕರು ಅದನ್ನೇ ಸೂಚಿಸುತ್ತಾರೆ. ಆದರೆ ನಿಮ್ಮಂಥ ಕ್ಯಾಮೆರಾದಲ್ಲಿ ಅದು ಸುಮಾರು 75ರಂತೆ ಕಾಣುವುದರಿಂದ, ಮಂಟಪದ ಇಕ್ಕಟ್ಟಿನಲ್ಲಿ ವಧೂವರರಿಬ್ಬರನ್ನೂ ಒಟ್ಟಿಗೆ ಹಿಡಿಯಲು ಹಿಂದೆ ಸರಿಯುತ್ತ ಸರಿಯುತ್ತ ಹೋಮಕುಂಡದವರೆಗೂ ಹೋದೀರಿ. 35 ಇದ್ದರೂ ಇಬ್ಬರ ಮುಖಗಳು ಬೇಕಾದಾಗ ಎಫ್ 2.8ಕ್ಕೆ ಬನ್ನಿ, ಪೂರ್ತಿ ತೆರೆದರೆ ಒಬ್ಬರ ಕಣ್ಣು ಸ್ಪಷ್ಟವಾಗಿ ಇನ್ನೊಬ್ಬರದು ಮಸುಕಾಗುತ್ತದೆ.

ಮಲೆನಾಡಿನ ಚಪ್ಪರದ ಬೆಳಕಿನ ಬಗ್ಗೆ ಒಂದು ಎಚ್ಚರಿಕೆ. ಅಡಿಕೆ ಸೋಗೆಯ ಸಂದಿನಿಂದ ಬೀಳುವ ಬಿಸಿಲಿನ ಚುಕ್ಕೆಗಳು ಕಣ್ಣಿಗೆ ಸೊಗಸಾಗಿ ಕಂಡರೂ ಮದುಮಗಳ ಮುಖದ ಮೇಲೆ ಬಿದ್ದಾಗ ಅರ್ಧ ಕೆನ್ನೆ ಬಿಳಿಚಿ ಅರ್ಧ ಕೆನ್ನೆ ಕಪ್ಪಾಗುತ್ತದೆ. ವೈಶಾಖದ ಮಳೆಗೆ ಹೆದರಿ ಸೋಗೆಯ ಮೇಲೆ ನೀಲಿ ಟಾರ್ಪಾಲು ಹೊದಿಸಿದರಂತೂ ಎಲ್ಲರ ಮುಖವೂ ನೀಲಿಯಾಗುತ್ತದೆ. ನೀವು ಮನೆಯವರಂತೆಯೇ ಆದ್ದರಿಂದ ಈಗಲೇ ಕೇಳಿಕೊಳ್ಳಿ: ಮಂಟಪದ ಮೇಲ್ಭಾಗಕ್ಕಾದರೂ ಒಳಗಿನಿಂದ ಬಿಳಿ ಬಟ್ಟೆ ಕಟ್ಟಲಿ. ಸಾವಿರಾರು ರೂಪಾಯಿಯ ಉಪಕರಣಕ್ಕಿಂತ ಆ ಬಟ್ಟೆ ಹೆಚ್ಚು ಕೆಲಸ ಮಾಡುತ್ತದೆ. ಚಿತ್ರಗಳನ್ನು ಜೆಪೆಗ್‌ನಲ್ಲಿ ಮಾತ್ರವಲ್ಲದೆ ರಾ (ಕ್ಯಾಮೆರಾ ದಾಖಲಿಸಿದ ಕಚ್ಚಾ) ಫೈಲ್‌ಗಳಾಗಿಯೂ ಉಳಿಸಿಕೊಳ್ಳಿ. ಪುರೋಹಿತರ ಬಿಳಿ ಶಲ್ಯವನ್ನು ಆಧಾರವಾಗಿಟ್ಟುಕೊಂಡು ಬಣ್ಣವನ್ನು ಆಮೇಲೆ ಸರಿಪಡಿಸಬಹುದು.

ತುಮಕೂರಿನ ಓದುಗ

ಲೆನ್ಸಿನ ಮಾತು ಆಮೇಲಿನದು. ಕೇಳಿದ ಎರಡನೆಯ ಪ್ರಶ್ನೆಗೆ ನನ್ನ ಉತ್ತರ: ಒಪ್ಪಿಕೊಳ್ಳಬೇಡಿ. ಹಕ್ಕಿ ಇಂದು ಕಾಣದಿದ್ದರೆ ಮುಂದಿನ ಭಾನುವಾರ ಕಂಡೀತು. ಮಾಂಗಲ್ಯಧಾರಣೆಗೆ ಮುಂದಿನ ಭಾನುವಾರವಿಲ್ಲ. ಸ್ನೇಹದಲ್ಲಿ ಮಾಡಿದ ಕೆಲಸ ಕೆಟ್ಟರೆ ಬೈಯುವಂತಿಲ್ಲ, ಬೈಯದೆ ಮರೆಯುವಂತೆಯೂ ಇಲ್ಲ. ಹಣ ಪಡೆದ ಸ್ಟುಡಿಯೋದವರೊಡನೆ ಜಗಳವಾಡಿ ಮುಗಿಸಬಹುದು, ಗೆಳೆಯನೊಡನೆ ಏನು ಮಾಡುತ್ತೀರಿ?

ಗೆಳೆಯನ ಮನೆಯವರಿಗೆ ಖರ್ಚೇ ತೊಡಕಾಗಿದ್ದರೆ ಒಂದು ನಡುದಾರಿಯಿದೆ. ದೊಡ್ಡ ಪ್ಯಾಕೇಜು, ಡ್ರೋನು, ಪೂರ್ವವಿವಾಹ ಚಿತ್ರೀಕರಣ ಯಾವುದೂ ಬೇಡವೆಂದು ಹೇಳಿ, ಧಾರೆ ಮತ್ತು ಕುಟುಂಬದ ಗುಂಪುಚಿತ್ರಗಳಿಗಾಗಿ ಅರ್ಧ ದಿನದ ಮಟ್ಟಿಗೆ ಸ್ಥಳೀಯ ಸ್ಟುಡಿಯೋದವರನ್ನು ಗೊತ್ತುಮಾಡಲಿ. ಉಳಿದ ದಿನವೆಲ್ಲ ನಿಮ್ಮದು. ಹೊಣೆ ಅವರ ಮೇಲಿರುವಾಗ ನಿಮ್ಮ ಕೈಯೂ ಸಲೀಸಾಗಿ ಓಡುತ್ತದೆ.

ದಾವಣಗೆರೆ ಸ್ಟುಡಿಯೋ

ತುಮಕೂರಿನವರ ನಡುದಾರಿಯನ್ನು ನಾನೂ ಒಪ್ಪುತ್ತೇನೆ, ಒಂದು ಷರತ್ತಿನ ಮೇಲೆ. ಯಾರು ಯಾವ ಮೂಲೆಯಲ್ಲಿ ನಿಲ್ಲುವುದೆಂದು ಹಿಂದಿನ ದಿನವೇ ಮಾತನಾಡಿಕೊಳ್ಳಬೇಕು. ನಮ್ಮ ವೃತ್ತಿಯವರಿಗೆ ಕಿರಿಕಿರಿಯಾಗುವುದು ಹವ್ಯಾಸಿಗಳ ಕ್ಯಾಮೆರಾದಿಂದಲ್ಲ, ನಾವು ನಿಲ್ಲಿಸಿದ ಗುಂಪನ್ನು ಅವರೂ ಪಕ್ಕದಿಂದ ತೆಗೆಯುವುದರಿಂದ. ಅರ್ಧ ಜನ ಅವರತ್ತ, ಅರ್ಧ ಜನ ನಮ್ಮತ್ತ ನೋಡುತ್ತಾರೆ. ಇಬ್ಬರ ಚಿತ್ರವೂ ಕೆಡುತ್ತದೆ.

ಸಾಗರದ ಪುರೋಹಿತ

ಈ ಚರ್ಚೆಯನ್ನು ಓದುತ್ತಿದ್ದ ನನಗೆ ಮಂಟಪದ ಒಳಗಿನಿಂದ ಒಂದೆರಡು ಮಾತು ಹೇಳಬೇಕೆನಿಸಿತು. ಛಾಯಾಗ್ರಾಹಕರಲ್ಲಿ ಹೆಚ್ಚಿನವರು ಕರ್ಮದ ಕ್ರಮವನ್ನು ಕೇಳಿ ತಿಳಿಯುವುದಿಲ್ಲ. ಕೇಳಿದರೆ ಹೇಳದ ಪುರೋಹಿತರೂ ಇಲ್ಲ. ಹಿಂದಿನ ದಿನ, ಇಲ್ಲವೇ ಬೆಳಗಿನ ನಾಂದಿಯ ಹೊತ್ತಿಗಾದರೂ ಹತ್ತು ನಿಮಿಷ ಕುಳಿತು ಕೇಳಿಕೊಳ್ಳಿ: ಅಂತರಪಟವನ್ನು ಯಾವ ಕಡೆಗೆ ಸರಿಸುತ್ತೀರಿ, ಮಾಂಗಲ್ಯಧಾರಣೆಯಲ್ಲಿ ವರ ನಿಂತಿರುತ್ತಾನೋ ಕುಳಿತಿರುತ್ತಾನೋ, ಹೋಮಕ್ಕೆ ಕುಳಿತಾಗ ವಧು ಯಾವ ಮಗ್ಗುಲಿಗಿರುತ್ತಾಳೆ ಎಂದು. ಇವು ಮನೆತನದಿಂದ ಮನೆತನಕ್ಕೆ, ಸೂತ್ರದಿಂದ ಸೂತ್ರಕ್ಕೆ ಬದಲಾಗುತ್ತವೆ. ಒಂದು ಮದುವೆಯಲ್ಲಿ ನೋಡಿದ್ದನ್ನು ನಂಬಿ ಇನ್ನೊಂದರಲ್ಲಿ ಜಾಗ ಹಿಡಿದು ಕುಳಿತರೆ ಮುಖ್ಯವಾದದ್ದೆಲ್ಲ ನಿಮ್ಮ ಬೆನ್ನ ಹಿಂದೆ ನಡೆದುಹೋಗಬಹುದು.

ಅಂತರಪಟದ ವಿಷಯವನ್ನು ಸ್ವಲ್ಪ ವಿಸ್ತರಿಸುತ್ತೇನೆ, ಏಕೆಂದರೆ ಅನನುಭವಿಗಳು ಅಲ್ಲಿಯೇ ಎಡವುತ್ತಾರೆ. ಮಂಗಳಾಷ್ಟಕ ನಡೆಯುವಾಗ ಬಟ್ಟೆಯ ಎರಡು ಕಡೆಗಳಲ್ಲಿ ಇಬ್ಬರ ಮುಖದಲ್ಲಿಯೂ ಬೇರೆ ಬೇರೆ ಭಾವವಿರುತ್ತದೆ; ಒಬ್ಬರೇ ಎರಡನ್ನೂ ತೆಗೆಯಲಾಗದು. ಮೊದಲ ಶ್ಲೋಕಗಳಲ್ಲಿ ವಧುವಿನ ಕಡೆ ನಿಂತು, ಕೊನೆಯ ಶ್ಲೋಕಕ್ಕೆ ಮುನ್ನ ಬಟ್ಟೆಯ ಅಂಚಿಗೆ ನೇರವಾಗಿ, ಇಬ್ಬರೂ ಪಾರ್ಶ್ವದಿಂದ ಕಾಣುವಂತೆ ಬಂದು ನಿಲ್ಲಿ. ಬಟ್ಟೆ ಸರಿಯುತ್ತಿದ್ದಂತೆಯೇ ಜೀರಿಗೆ-ಬೆಲ್ಲವನ್ನು ಪರಸ್ಪರರ ತಲೆಯ ಮೇಲಿಡುತ್ತಾರೆ; ಅಷ್ಟರಲ್ಲಿ ಅಕ್ಷತೆ ಬೀಳಲು ಆರಂಭವಾಗಿರುತ್ತದೆ. ನಾನು ಓಲಗದವರತ್ತ ಕೈಯೆತ್ತಿದೆನೆಂದರೆ ಗಟ್ಟಿಮೇಳಕ್ಕೆ ಸೂಚನೆ ಕೊಟ್ಟೆನೆಂದು ಅರ್ಥ. ಆ ಕೈಯನ್ನು ಗಮನಿಸುವ ಛಾಯಾಗ್ರಾಹಕ ಎಂದೂ ತಡವಾಗಿ ಬರುವುದಿಲ್ಲ.

ಲಾಜಹೋಮದಲ್ಲಿ ವಧುವಿನ ಅಣ್ಣ ಅಥವಾ ತಮ್ಮ ಅವಳ ಬೊಗಸೆಗೆ ಅರಳು ಹಾಕುತ್ತಾನೆ. ಇಲ್ಲಿ ಆ ಅಣ್ಣ ನಿಮ್ಮ ಗೆಳೆಯನೇ! ಆದ್ದರಿಂದ ಆ ಹೊತ್ತಿನಲ್ಲಿ ಅವನನ್ನು ಬಲ್ಬು ತರಲೆಂದೋ ಜನರನ್ನು ಸರಿಸಲೆಂದೋ ಕಳುಹಿಸಬೇಡಿ. ಸಪ್ತಪದಿಗೆ ನೆಲಮಟ್ಟಕ್ಕೆ ಇಳಿದರೆ ಅಕ್ಕಿಯ ರಾಶಿಗಳೂ ಪಾದವೂ ಕಾಣುತ್ತವೆ. ಅರುಂಧತೀ ದರ್ಶನಕ್ಕೆ ದಂಪತಿಗಳು ಹೊರಬರುವ ಮೊದಲೇ ನೀವು ಅಂಗಳದ ತುದಿಗೆ ಹೋಗಿರಬೇಕು, ಇಲ್ಲವಾದರೆ ಆಕಾಶ ತೋರಿಸುವ ಬೆರಳು ಸಿಕ್ಕೀತು, ಮುಖಗಳು ಸಿಗವು.

ಮಾಡಬಾರದ್ದನ್ನೂ ಹೇಳಿಬಿಡುತ್ತೇನೆ. ಕಲಶವನ್ನಾಗಲಿ ಹೋಮಕುಂಡವನ್ನಾಗಲಿ ದಾಟಬಾರದು. ಸಂಕಲ್ಪದ ನಡುವೆ "ಮೇಡಂ, ಈ ಕಡೆ ನೋಡಿ" ಎನ್ನಬಾರದು. ತಾಳಿಯನ್ನು ಇನ್ನೊಮ್ಮೆ ಕಟ್ಟಿದಂತೆ ಮಾಡಿರೆಂದು ಕೇಳುವವರನ್ನು ನಾನು ಕಂಡಿದ್ದೇನೆ. ಅದಕ್ಕೆ ನನ್ನ ಉತ್ತರವನ್ನು ಇಲ್ಲಿ ಬರೆಯುವುದು ಬೇಡ.

ಹುಬ್ಬಳ್ಳಿ ಕ್ಯಾಮೆರಾ ಅಕ್ಕ

ಪುರೋಹಿತರು ಹೇಳಿದ್ದು ಧಾರೆಮಂಟಪದ ಕಥೆಯಾಯಿತು. ನನ್ನ ಅನುಭವದಲ್ಲಿ ಮದುವೆಯ ಅತ್ಯುತ್ತಮ ಚಿತ್ರಗಳು ಹಿಂದಿನ ದಿನದ ಹೆಂಗಸರ ಶಾಸ್ತ್ರಗಳಲ್ಲಿ ಸಿಗುತ್ತವೆ, ಮತ್ತು ಗಂಡಸು ಛಾಯಾಗ್ರಾಹಕರು ಕಳೆದುಕೊಳ್ಳುವುದೂ ಅವುಗಳನ್ನೇ. ನಮ್ಮ ಕಡೆ ಅರಿಶಿಣ ಹಚ್ಚಿ ಸುರಗಿ ನೀರು ಹಾಕುವಾಗ, ನಾಲ್ಕು ಮೂಲೆಗಳಲ್ಲಿ ತಂಬಿಗೆಗಳನ್ನಿಟ್ಟು ದಾರ ಸುತ್ತಿ ನಡುವೆ ಕೂಡಿಸುತ್ತಾರೆ. ಹಾಡು, ನಗು, ಒಬ್ಬರ ಮೇಲೊಬ್ಬರು ಅರಿಶಿಣ ಎರಚುವುದು ಎಲ್ಲವೂ ಅಲ್ಲಿರುತ್ತವೆ. ನಿಮ್ಮ ಕಡೆಯ ಶಾಸ್ತ್ರಗಳು ಬೇರೆಯಾಗಿರಬಹುದು. ಬಳೆ ತೊಡಿಸುವುದು, ಮದರಂಗಿ ಹಚ್ಚುವುದು ಎಲ್ಲ ಕಡೆಯೂ ಇದ್ದೇ ಇರುತ್ತವೆ.

ಸೀರೆ ಉಡಿಸುವ ಕೋಣೆಗೆ ನೀವು ಹೋಗುವಂತಿಲ್ಲ, ಹೋಗಲೂ ಬಾರದು. ನಿಮ್ಮ ತಂಗಿಯೋ ಮದುಮಗಳ ಗೆಳತಿಯೋ ಯಾರಾದರೊಬ್ಬರಿಗೆ ಒಳ್ಳೆಯ ಮೊಬೈಲನ್ನು ಕೊಟ್ಟು, ಜಡೆಗೆ ಮೊಗ್ಗು ಹೆಣೆಯುವುದನ್ನು ಕಿಟಕಿಯ ಪಕ್ಕ ಕುಳ್ಳಿರಿಸಿ ತೆಗೆಯುವಂತೆ, ಕೋಣೆಯ ಟ್ಯೂಬ್‌ಲೈಟನ್ನು ಆರಿಸುವಂತೆ ಹೇಳಿಕೊಡಿ. ಅಲಂಕಾರ ಮುಗಿದ ಮೇಲೆ, ಮಂಟಪಕ್ಕೆ ಕರೆ ಬರುವ ಮೊದಲು ಐದು ನಿಮಿಷವನ್ನು ಮದುಮಗಳ ತಾಯಿಯವರಲ್ಲಿ ಕೇಳಿ ಪಡೆಯಿರಿ ಮತ್ತು ಜಗಲಿಯ ನೆರಳಿನಲ್ಲಿ ಅವಳೊಬ್ಬಳ ಚಿತ್ರ ತೆಗೆಯಿರಿ. ಇಡೀ ದಿನದಲ್ಲಿ ಅವಳು ಬೆವರದೆ, ದಣಿಯದೆ ಇರುವ ಹೊತ್ತು ಅದೊಂದೇ.

ಎಕ್ಸ್‌ಪೋಷರ್, ಅಂದರೆ ಚಿತ್ರಕ್ಕೆ ಒಳಬಿಡುವ ಬೆಳಕಿನ ಪ್ರಮಾಣದ ವಿಚಾರದಲ್ಲಿ ಒಂದು ತಾಂತ್ರಿಕ ಸೂಚನೆ. ವರನ ಬಿಳಿ ಪಂಚೆ ಮತ್ತು ವಧುವಿನ ಗಾಢ ರೇಷ್ಮೆ ಅಕ್ಕಪಕ್ಕದಲ್ಲಿದ್ದಾಗ ಕ್ಯಾಮೆರಾದ ಲೆಕ್ಕ ತಪ್ಪುತ್ತದೆ. ಪಂಚೆಯ ನೆರಿಗೆಗಳು ಉಳಿಯುವಷ್ಟು ಎಕ್ಸ್‌ಪೋಷರ್ ತಗ್ಗಿಸಿ. ರಾ ಫೈಲ್‌ನಲ್ಲಿ ಕಪ್ಪನ್ನು ಎತ್ತಬಹುದು, ಸುಟ್ಟುಹೋದ ಬಿಳಿಯನ್ನು ಮರಳಿ ತರಲಾಗದು.

ಕುಂದಾಪುರದಿಂದ

ನಮ್ಮ ಕರಾವಳಿಯ ಬಂಟರ ಮದುವೆಗಳಲ್ಲಿ ಧಾರೆಯೆಂದರೆ ಜೋಡಿಸಿದ ಕೈಗಳ ಮೇಲೆ ಗಿಂಡಿಯಿಂದ ನೀರೆರೆಯುವುದೇ ಮುಖ್ಯ. ಹಿರಿಯರ ಕೈಗಳು ಒಂದರ ಕೆಳಗೊಂದು ಸೇರಿರುತ್ತವೆ. ಮುಖಗಳನ್ನೇ ಹುಡುಕುವ ಛಾಯಾಗ್ರಾಹಕರು ಕೈಗಳನ್ನು ಮರೆಯುತ್ತಾರೆ. ನಿಮ್ಮಲ್ಲಿಯೂ ಕನ್ಯಾದಾನದ ಧಾರೆಯಿರುವುದರಿಂದ ಒಂದು ಚಿತ್ರವನ್ನಾದರೂ ಕೈಗಳಿಗೆ ಮೀಸಲಿಡಿ, 70-300 ಲೆನ್ಸಿಗೆ ಅದೊಂದು ಒಳ್ಳೆಯ ಕೆಲಸ.

ಇನ್ನೊಂದು ವ್ಯಾವಹಾರಿಕ ಸಂಗತಿ. ವಿವಾಹ ನೋಂದಣಿಗೆ ಉಪನೋಂದಣಾಧಿಕಾರಿ ಕಚೇರಿಗೆ ಹೋದಾಗ ಲಗ್ನಪತ್ರಿಕೆಯೊಡನೆ ಮದುವೆಯ ಚಿತ್ರವನ್ನೂ ಕೇಳುತ್ತಾರೆ. ಇಬ್ಬರ ಮುಖವೂ ಸ್ಪಷ್ಟವಾಗಿ ಕಾಣುವ, ಹಾರ ಹಾಕಿಕೊಂಡ ಒಂದು ನೇರವಾದ ಚಿತ್ರವನ್ನು ಮರೆಯದೆ ತೆಗೆದು ಬೇಗನೆ ಕೊಟ್ಟುಬಿಡಿ.

ಹಳೆಯ ಆಲ್ಬಮ್

ನಾನು ಛಾಯಾಗ್ರಾಹಕಿಯಲ್ಲ, ಬಹಳ ಹಿಂದೆ ಮದುಮಗಳಾಗಿದ್ದವಳು. ನಮ್ಮ ಮನೆಯ ಆಲ್ಬಮ್ಮಿನಲ್ಲಿ ನಾನೂ ನನ್ನ ಯಜಮಾನರೂ ಇರುವ ಚಿತ್ರಗಳನ್ನು ಈಗ ಯಾರೂ ಹುಡುಕುವುದಿಲ್ಲ, ನಾವಿಬ್ಬರೂ ಎದುರಿಗೇ ಕುಳಿತಿದ್ದೇವಲ್ಲ. ಹುಡುಕುವುದು ಪಂಕ್ತಿಯ ತುದಿಯಲ್ಲಿ ಕುಳಿತ ಅಜ್ಜಿಯನ್ನು, ಪಾಯಸದ ಪಾತ್ರೆ ಹಿಡಿದು ನಿಂತ ದೊಡ್ಡಪ್ಪನನ್ನು. ಅಂಥ ಚಿತ್ರಗಳು ಕೆಲವೇ ಇವೆ, ಅವೂ ಬೇರೆಯವರನ್ನು ತೆಗೆಯುವಾಗ ಅಕಸ್ಮಾತ್ತಾಗಿ ಸಿಕ್ಕವು. ಸ್ಟುಡಿಯೋದವರು ವೇದಿಕೆಯನ್ನು ಬಿಟ್ಟು ಬರುವಂತಿರಲಿಲ್ಲ. ನಿಮಗೆ ಆ ಬಂಧನವಿಲ್ಲ. ಅಡುಗೆಯವರು ಒಲೆ ಹೊತ್ತಿಸುವ ಬೆಳಗಿನ ಜಾವದಲ್ಲಿ ಹಿತ್ತಲಿಗೆ ಹೋಗಿ, ಮನೆಯ ಹಿರಿಯರನ್ನೆಲ್ಲ ಒಬ್ಬೊಬ್ಬರಾಗಿ ಮಾತನಾಡಿಸುತ್ತ ತೆಗೆಯಿರಿ. ಹೆಸರುಗಳ ಪಟ್ಟಿಯನ್ನು ಗೆಳೆಯನ ತಾಯಿಯವರಿಂದ ಬರೆಸಿಕೊಳ್ಳಿ. ತಂದೆಯವರಿಂದ ಬರೆಸಿಕೊಂಡರೆ ತಾಯಿಯ ತವರಿನವರು ಬಿಟ್ಟುಹೋಗುತ್ತಾರೆ.

ಮಂಡಗದ್ದೆ ಹಕ್ಕಿಗಣ್ಣು

ಎಲ್ಲರಿಗೂ ಕೃತಜ್ಞ. ತುಮಕೂರಿನವರ ಸಲಹೆಯನ್ನು ಗೆಳೆಯನ ತಂದೆಯವರ ಮುಂದಿಟ್ಟೆ. ಸ್ವಲ್ಪ ಗೊಣಗಿದರೂ, ಬೆಳಗಿನ ಧಾರೆಗೆ ಪೇಟೆಯ ಸ್ಟುಡಿಯೋದವರೊಬ್ಬರನ್ನು ಕರೆಯಲು ಒಪ್ಪಿದ್ದಾರೆ. ಹಿಂದಿನ ದಿನದ ಶಾಸ್ತ್ರಗಳು, ಊಟದ ಪಂಕ್ತಿ, ಸಂಜೆಯ ಆರತಕ್ಷತೆ ಪೂರ್ತಿ ನನ್ನವು. ಹಾಗಾಗಿ ಗುಂಪುಚಿತ್ರಗಳ ಹೊಣೆ ಸಂಜೆ ನನ್ನ ಮೇಲೆಯೇ ಬೀಳುತ್ತದೆ. ಕಲ್ಯಾಣಮಂಟಪದ ವೇದಿಕೆಯಲ್ಲಿ ಬಣ್ಣಬಣ್ಣದ ಎಲ್‌ಇಡಿ ದೀಪಗಳಿವೆ. ಪರೀಕ್ಷೆಗೆಂದು ತೆಗೆದ ಚಿತ್ರಗಳಲ್ಲಿ ಅಡ್ಡ ಪಟ್ಟೆಗಳು ಬಂದಿವೆ. ಇದಕ್ಕೇನು ಪರಿಹಾರ?

ದಾವಣಗೆರೆ ಸ್ಟುಡಿಯೋ

ಆ ಪಟ್ಟೆಗಳು ದೀಪಗಳ ಮಿಣುಕಿನಿಂದ ಬಂದವು. ನಮ್ಮ ವಿದ್ಯುತ್ತು 50 ಹರ್ಟ್ಸಿನದಾದ್ದರಿಂದ ಅದರಿಂದ ಉರಿಯುವ ಸಾಧಾರಣ ದೀಪಗಳು ಸೆಕೆಂಡಿಗೆ 100 ಬಾರಿ ಏರಿಳಿಯುತ್ತವೆ. ಶಟರನ್ನು 1/100 ಸೆಕೆಂಡಿಗೆ ಇಟ್ಟರೆ ಪ್ರತಿ ಚಿತ್ರಕ್ಕೂ ಒಂದು ಪೂರ್ತಿ ಏರಿಳಿತ ಸಿಕ್ಕಿ ಪಟ್ಟೆ ಬಹುಪಾಲು ಮಾಯವಾಗುತ್ತದೆ. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರನ್ನು ಬಳಸುತ್ತಿದ್ದರೆ ಮೊದಲು ಅದನ್ನು ನಿಲ್ಲಿಸಿ, ಮೆಕ್ಯಾನಿಕಲ್ ಶಟರಿಗೆ ಬನ್ನಿ. ವೇದಿಕೆಯ ಹಿಂದಿನ ಎಲ್‌ಇಡಿ ಪರದೆ ಮತ್ತು ಬಣ್ಣದ ದೀಪಗಳ ಮಿಣುಕು ಬೇರೆ ವೇಗದ್ದಾಗಿರುವುದೂ ಉಂಟು. ಅಲ್ಲಿ 1/50, 1/60, 1/125 ಎಂದು ಒಂದೊಂದಾಗಿ ಪರೀಕ್ಷಿಸುವುದೇ ದಾರಿ. ಮುಖದ ಮೇಲೆ ಬೀಳುವ ನೇರಳೆ ಬೆಳಕನ್ನು ಯಾವ ತಂತ್ರಾಂಶವೂ ಪೂರ್ತಿ ಸರಿಪಡಿಸದು. ದೀಪದವರನ್ನು ಕಂಡು, ದಂಪತಿಗಳು ನಿಲ್ಲುವ ಕಡೆಗೆ ಬಿಳಿ ದೀಪವನ್ನಷ್ಟೇ ಬಿಡುವಂತೆ ವಿನಂತಿಸಿ. ಒಂದು ಲೋಟ ಕಾಫಿ ಕೊಡಿಸಿದರೆ ಖಂಡಿತ ಒಪ್ಪುತ್ತಾರೆ.

ಒಂದು ದಿನದ ಮಟ್ಟಿಗೆ ಫ್ಲ್ಯಾಶ್ ಬಾಡಿಗೆಗೆ ಸಿಕ್ಕರೆ ತನ್ನಿ. ಸೂರು ಬಿಳಿಯಾಗಿದ್ದು ತೀರ ಎತ್ತರವಿಲ್ಲದಿದ್ದರೆ ಅದರತ್ತ ತಿರುಗಿಸಿ ಹೊಡೆಯಿರಿ. ಮೇಲೆ ಬಣ್ಣದ ಬಟ್ಟೆ ಕಟ್ಟಿದ್ದರೆ ಆ ಬಣ್ಣವೇ ಮುಖಕ್ಕಿಳಿಯುತ್ತದೆ, ಆಗ ಬೇಡ.

ಗುಂಪುಚಿತ್ರಕ್ಕೆ ಎಫ್ 5.6ಕ್ಕಿಂತ ಹೆಚ್ಚು ತೆರೆಯಬೇಡಿ. ಎರಡು ಮೂರು ಸಾಲುಗಳಿದ್ದರೆ ಎಫ್ 8. ಒಂದೊಂದು ಗುಂಪಿಗೂ ಕನಿಷ್ಠ ನಾಲ್ಕು ಬಾರಿ ಒತ್ತಿರಿ, ಯಾರಾದರೊಬ್ಬರು ಕಣ್ಣು ಮುಚ್ಚಿಯೇ ಇರುತ್ತಾರೆ. ಸಾಲಿನಲ್ಲಿ ಬರುವವರೆಲ್ಲರ ಪರಿಚಯ ನಿಮಗಿರುವುದಿಲ್ಲವಾದ್ದರಿಂದ, ಎರಡೂ ಕಡೆಯ ಬಂಧುಗಳನ್ನು ಬಲ್ಲ, ಗಂಟಲು ಗಟ್ಟಿಯಿರುವ ಒಬ್ಬ ಸೋದರಮಾವನನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ. ಆತ ಕರೆಯಲಿ, ನೀವು ತೆಗೆಯಿರಿ.

24 ಮೆಗಾಪಿಕ್ಸೆಲ್‌ನ ಒಂದು ರಾ ಫೈಲ್ ಸಾಮಾನ್ಯವಾಗಿ 25ರಿಂದ 30 ಎಂಬಿ ಆಗುವುದರಿಂದ 64 ಜಿಬಿ ಕಾರ್ಡಿನಲ್ಲಿ ಸುಮಾರು ಎರಡು ಸಾವಿರ ಚಿತ್ರಗಳು ಹಿಡಿಯುತ್ತವೆ. ಹಾಗೆಂದು ಎಲ್ಲವನ್ನೂ ಒಂದರಲ್ಲಿಯೇ ತುಂಬಬೇಡಿ. ಆ ರಾತ್ರಿ ಎಷ್ಟೇ ನಿದ್ದೆ ಬಂದರೂ ಲ್ಯಾಪ್‌ಟಾಪಿಗೂ ಬೇರೊಂದು ಹಾರ್ಡ್ ಡಿಸ್ಕಿಗೂ ಪ್ರತಿ ಮಾಡಿ ಮಲಗಿ. ಆಲ್ಬಮ್ ಅವರ ಮನೆ ಸೇರುವವರೆಗೆ ಕಾರ್ಡುಗಳನ್ನು ಅಳಿಸಬೇಡಿ. ಕೊಡುವಾಗ ತೆಗೆದದ್ದೆಲ್ಲವನ್ನೂ ಸುರಿಯದೆ, ಮುನ್ನೂರು ನಾನೂರು ಚಿತ್ರಗಳನ್ನು ಆಯ್ದು ಕೊಡಿ. ಆದರೆ ಪಟ್ಟಿಯಲ್ಲಿದ್ದ ಹಿರಿಯರ ಚಿತ್ರ ಸ್ವಲ್ಪ ಅಲುಗಿದ್ದರೂ ಅದನ್ನು ಆಯ್ಕೆಯಿಂದ ಕೈಬಿಡಬೇಡಿ.

ತುಮಕೂರಿನ ಓದುಗ

ನನ್ನ ಮಾತಿಗೆ ಬೆಲೆ ಸಿಕ್ಕಿದ್ದಕ್ಕೆ ಸಂತೋಷ. ಒಂದು ಮಾತು ಉಳಿದಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೆಯ ವಿಧಿಯಂತೆ, ಬೇರೆ ಒಪ್ಪಂದವಿಲ್ಲದಿದ್ದಾಗ, ಪ್ರತಿಫಲ ಕೊಟ್ಟು ತೆಗೆಸಿದ ಛಾಯಾಚಿತ್ರದ ಹಕ್ಕು ತೆಗೆಸಿದವರಿಗೆ ಸೇರುತ್ತದೆ. ನೀವು ಹಣ ಪಡೆಯುತ್ತಿಲ್ಲವಾದ್ದರಿಂದ ಹಕ್ಕು ನಿಮ್ಮದೇ ಆಗಬಹುದು. ಆದರೂ ಇನ್‌ಸ್ಟಾಗ್ರಾಮಿನಲ್ಲಿ ಹಾಕುವ ಮುನ್ನ ಮದುಮಗಳನ್ನೇ ಕೇಳಿ, ಅವಳ ಅಣ್ಣನನ್ನಲ್ಲ. ಆಲ್ಬಮ್ ಮುದ್ರಣದ ಖರ್ಚು ಯಾರದೆಂಬುದನ್ನೂ ಈಗಲೇ ಮಾತನಾಡಿಕೊಳ್ಳಿ. ಸಂಕೋಚದಿಂದ ಸುಮ್ಮನಿದ್ದರೆ ಅದು ನಿಮ್ಮ ತಲೆಗೇ ಬರುತ್ತದೆ.

ಮಂಡಗದ್ದೆ ಹಕ್ಕಿಗಣ್ಣು

35 ಮಿ.ಮೀ. ಲೆನ್ಸ್ ತರಿಸಿಕೊಂಡೆ, ಸದ್ಯ ಮನೆಯವರ ಮೇಲೆಯೇ ಅಭ್ಯಾಸ ನಡೆದಿದೆ. ಹಿರಿಯರ ಪಟ್ಟಿ ಗೆಳೆಯನ ತಾಯಿಯವರ ಕೈಬರಹದಲ್ಲಿ ಎರಡು ಪುಟ ತುಂಬಿದೆ. ಮುಂದಿನ ವಾರ ಅವರ ಪುರೋಹಿತರನ್ನು ಕಂಡು ಕ್ರಮವನ್ನು ಬರೆದುಕೊಳ್ಳುತ್ತೇನೆ. ಚಪ್ಪರ ಏಳುವ ದಿನ ಮಧ್ಯಾಹ್ನದವರೆಗೂ ಅಲ್ಲಿಯೇ ಇದ್ದು, ಮುಹೂರ್ತದ ಹೊತ್ತಿಗೆ ಬಿಸಿಲು ಮಂಟಪದ ಯಾವ ಭಾಗಕ್ಕೆ ಬರುತ್ತದೆಂದು ನೋಡಿ, ಬಿಳಿ ಬಟ್ಟೆಯನ್ನು ಎಲ್ಲಿಂದ ಎಲ್ಲಿಗೆ ಕಟ್ಟಬೇಕೆಂದು ಚಪ್ಪರದವರಿಗೆ ಹೇಳುವುದೆಂದು ಗೆಳೆಯನೂ ನಾನೂ ಮಾತನಾಡಿಕೊಂಡಿದ್ದೇವೆ. ಬರುವ ಸ್ಟುಡಿಯೋದವರೊಡನೆ ಫೋನಿನಲ್ಲಿ ಮಾತಾಯಿತು. ಓಲಗದವರ ಪಕ್ಕದ ಮೂಲೆಯನ್ನು ನನಗೆ ಬಿಟ್ಟುಕೊಟ್ಟಿದ್ದಾರೆ, ಕಿವಿಗೆ ಹತ್ತಿ ಇಟ್ಟುಕೊಂಡು ಬರಲು ಹೇಳಿದರು.